ಪೂರ್ವಕ್ಕೆ ಪುಟ್ಟಮ್ಮನ ಬಾವಿ

ಬಜೆ ವಾಸ್ನೆ ಗೊತ್ತಲ್ಲ ನಿಮ್ಗೆ? ಎಳೇ ಕೂಸಿನ ನಾಲ್ಗೆಗೆ ತೇದು ಸವರ್ತಾರಲ್ಲ, ಆ ಬೇರು. ಗೊತ್ತಿಲ್ಲ ಅಂದ್ರೆ ನಿಮ್ಮನ್ನ ಡಬ್ಬಿ ಹಾಲಲ್ಲಿ ಸಾಕೌರೆ ಅಂತ ತಿಳ್ಕೋತೀನಿ, ಬೇಜಾರ್ ಮಾಡ್ಕೋಬೇಡಿ. ಒಣಹುಲ್ಲು, ಮೆಣಸು, ಕೆರೆ ಕೆಸರು ಮೂರೂ ಸೇರಿದಂಗೆ ಒಂದು ಘಾಟು ಅದು. ಹೋದ ವರ್ಷ ಟಿ. ನರಸೀಪುರದ ನಮ್ಮನೇಲಿ ಅಟ್ಟದ ಮೇಲಿಂದ ತಗಡಿನ ಟ್ರಂಕು ಇಳಿಸ್ಕೊಂಡು ಮುಚ್ಚಳ ಎತ್ತಿದ್ನೋ ಇಲ್ವೋ, ಆ ಘಾಟು ಎದ್ದು ಬಂದು ಮೂಗಿಗೆ ಬಡೀತು. ಎಪ್ಪತ್ತೆಂಟು ವರ್ಷದ ಮುದುಕಿ ನಾನು. ಕಣ್ಣು ಮಂಜು, ಮಂಡಿ ಸಡಿಲ, ಆದ್ರೆ ಮೂಗು ಮಾತ್ರ ಇನ್ನೂ ಪಟೇಲಿಕೆ ಮಾಡ್ತೈತೆ. ಅಲ್ಲೇ ನೆಲದ ಮೇಲೆ ಕಾಲು ಚಾಚ್ಕೊಂಡು ಕೂತ್ಬಿಟ್ಟೆ. ಹಳೇ ರೇಷ್ಮೆ ಸೀರೆ ಮಡಿಕೆ ಒಳಗೆ, ಬಿಳೀ ಬಟ್ಟೇಲಿ ಸುತ್ತಿಟ್ಟಿದ್ದ ಕಿರುಬೆರಳುದ್ದದ ಬಜೆ ತುಂಡು. ನಾನು ಹುಡುಕ್ತಿದ್ದುದು ಬೇರೆ. ನನ್ನ ತಮ್ಮನ ಮಗ ಮಹೇಶ ಫೋನ್ ಮಾಡಿ, "ಅತ್ತೆ, ನಿಮ್ಮ ಆಧಾರ್ ಕಾರ್ಡು, ಎರಡು ಫೋಟೊ ರೆಡಿ ಇಟ್ಟಿರಿ. ತಾತನ ಕಾಲದ ಕಾಗ್ದ ಏನಾದ್ರೂ ಇದ್ರೆ ಅದೂ. ಒಂದು ಸಣ್ಣ ಸೈನು, ಅಷ್ಟೆ. ಭಾನ್ವಾರ ಬತ್ತೀನಿ" ಅಂದಿದ್ದ. ಸಣ್ಣ ಸೈನು ಅಂತೆ. ಆ ಮಾತು ಕೇಳಿದ್ರೆ ನನ್ನ ಕಿವಿ ಮೊಲದ ಕಿವಿಯಂಗೆ ನಿಮಿರ್ತವೆ.

ನನ್ನ ತವರು ನಂಜನಗೂಡು ತಾಲ್ಲೂಕು. ಹದಿನಾರು ಅನ್ನೋ ಹಳ್ಳಿ ದಾಟಿ ಒಳದಾರಿ ಹಿಡಿದ್ರೆ ಸಿಗೋ ಊರು. ನಾಲೆ ನೀರು ಇನ್ನೂ ಬಂದಿರಲಿಲ್ಲ ಆಗ. ರಾಗಿ, ಹುರುಳಿ ಹೊಲ, ಕೆರೆ ಹಿಂದೆ ಒಂದಿಷ್ಟು ಗದ್ದೆ. ನಾಲ್ಕು ಕಂಬದ ತೊಟ್ಟಿಮನೆ ನಮ್ದು. ಬೆಳಿಗ್ಗೆ ಎದ್ರೆ ಕೊಟ್ಟಿಗೆಯಿಂದ ಗಂಜಲದ ವಾಸ್ನೆ, ಒಲೆ ಕಡೆಯಿಂದ ಹುರುಳಿ ಕಟ್ಟಿನ ವಾಸ್ನೆ, ಇವೆರಡ್ರ ನಡುವೆ ಬೀಸೋ ಕಲ್ಲಿನ ಗುರುಗುರು ಸದ್ದು. ಆ ಸದ್ದಿನ ಹಿಂದೆ ಪುಟ್ಟಮ್ಮತ್ತೆ. ನಮ್ಮಪ್ಪನ ಒಡಹುಟ್ಟಿದ ಅಕ್ಕ. ಬಿಳಿಗೆರೆ ಕಡೆ ಕೊಟ್ಟಿದ್ರಂತೆ, ಎರಡನೇ ವರ್ಷಕ್ಕೇ ಗಂಡ ತೀರ್ಕೊಂಡ್ರು, ತಗಡಿನ ಟ್ರಂಕು ತಲೆ ಮೇಲೆ ಹೊತ್ಕೊಂಡು ವಾಪಸ್ ಬಂದ್ರು. ಅದೇ ಟ್ರಂಕು ಈಗ ನನ್ ಹತ್ರ ಇರೋದು. ಬಂದೋರು ಒಂದು ದಿವ್ಸ ಸುಮ್ನೆ ಕೂರ್ಲಿಲ್ಲ. ಆ ಮನೇಲಿ ಹುಟ್ಟಿದ ಅಷ್ಟೂ ಕೂಸುಗಳ್ಗೆ ಬಜೆ ತೇದೋರು ಅವ್ರೇ. ಸೆರಗಿನ ತುದೀಲಿ ಯಾವಾಗ್ಲೂ ಒಂದು ತುಂಡು ಗಂಟು ಹಾಕಿರೋರು. ಕೆಂಡದ ಮೇಲೆ ಸುಟ್ಟು, ಕಲ್ಲಿಗೆ ತೇದು, ಹೆಬ್ಬೆಟ್ಟಲ್ಲಿ ನಾಲ್ಗೆಗೆ ಸವರೋರು. ತೇದೂ ತೇದೂ ಆ ಹೆಬ್ಬೆಟ್ಟಿನ ಗೆರೆಯೆಲ್ಲ ಸವೆದು ಹೊಳೆಕಲ್ಲಿನಂಗೆ ನುಣ್ಣಗಾಗಿತ್ತು. ಕಣ್ಮುಚ್ಕೊಂಡಿದ್ರೂ ಸರಿ, ಬಜೆ ವಾಸ್ನೆ ಬಂತು ಅಂದ್ರೆ ಅತ್ತೆ ಬಂದ್ರು ಅಂತ ಲೆಕ್ಕ.

ನಾನು ಆ ಮನೆ ಪೀಡೆ. ಹೆಸ್ರು ನಿಂಗಮ್ಮ, ಕರೆಯೋದು ನಿಂಗಿ. ನಮ್ಮೂರಲ್ಲಿ ನನ್ನ ಕೈಲಿ ಏಮಾರದೇ ಇದ್ದೋನು ಯಾವನಾದ್ರೂ ಇದ್ರೆ ಅವನು ನಾನು ಹುಟ್ಟೋಕ್ ಮುಂಚೇನೇ ಸತ್ತೋನು. ಒಂದ್ಸಾರಿ ಚಿಕ್ಕಪ್ಪನ ತಣಿಗೇಲಿ ರಾಗಿ ಮುದ್ದೆ ಬದ್ಲು ಕೆರೆ ಜೇಡಿಮಣ್ಣಿನ ಉಂಡೆ ಇಟ್ಟಿದ್ದೆ. ಹೆಂಗೆ ತಟ್ಟಿದ್ದೆ ಅಂದ್ರೆ, ಮೇಲೆ ಆವಿ ಆಡ್ಲಿ ಅಂತ ಬಿಸಿನೀರು ಬೇರೆ ಚಿಮುಕ್ಸಿದ್ದೆ. ಚಿಕ್ಕಪ್ಪ ಮುರಿದು, ಸಾರಿಗೆ ಅದ್ದಿ, ಬಾಯಿಗೆ ಹಾಕಿದ್ಮೇಲೇ ಗೊತ್ತಾಗಿದ್ದು. ಕೋಲು ಹಿಡ್ಕೊಂಡು ಊರೆಲ್ಲ ಅಟ್ಟಾಡಿಸ್ದ. ನಾನು ರಾಗಿ ತುಂಬೋ ಮಣ್ಣಿನ ವಾಡೆ ಹಿಂದೆ ಹೋಗಿ ಬಚ್ಚಿಟ್ಕೊಂಡ್ರೆ, ಅಲ್ಲಿ ಆಗ್ಲೇ ಪುಟ್ಟಮ್ಮತ್ತೆ ಕೂತವ್ರೆ, ಸೆರಗು ಬಾಯಿಗೆ ತುರುಕ್ಕೊಂಡು, ನಗು ತಡೀಲಾರ್ದೆ ಕಣ್ಣಲ್ಲಿ ನೀರು. "ಲೇ ನಿಂಗಿ, ಉಪ್ಪಾಕಿದ್ದೇನೆ ಮಣ್ಗೆ?" ಅಂದ್ರು. ಆ ಮನೇಲಿ ಅತ್ತೆ ನಗೋದನ್ನ ನೋಡಿರೋಳು ನಾನೊಬ್ಳೇ. ಇದನ್ನ ಜಂಬ ಅಂತ್ಲೇ ಬರ್ಕೊಳ್ಳಿ.

ನನಗೆ ಒಂಬತ್ತು ತುಂಬಿದ ವರ್ಷ ತಾತ ಮನೆ ಪಾಲು ಮಾಡ್ಬೇಕು ಅಂದ್ರು. ನಮ್ಮವ್ವನಿಗೂ ಚಿಕ್ಕವ್ವನಿಗೂ ಒಂದೇ ಒಲೇಲಿ ಮುದ್ದೆ ಬೇಯ್ತಿರಲಿಲ್ಲ. ಒಂದು ಸೋಮವಾರ ಪಟೇಲ್ರು ಬಂದ್ರು, ಶಾನುಭೋಗ್ರು ಕಾಗ್ದ ಲೆಕ್ಕಣಿಕೆ ಹಿಡ್ಕೊಂಡು ಬಂದ್ರು, ತೊಟ್ಟೀಲಿ ಜಮಖಾನ ಹಾಸಾಯ್ತು. ಎತ್ತು ಇಬ್ರಿಗೂ ಒಂದೊಂದು ಜೊತೆ. ಒರಳು ದೊಡ್ಡೋನಿಗೆ, ಬೀಸೋ ಕಲ್ಲು ಚಿಕ್ಕೋನಿಗೆ. ಹಂಡೆ ಇವನಿಗೆ, ಕೊಪ್ಪರಿಗೆ ಅವನಿಗೆ. ಕೊಟ್ಟಿಗೇಲಿದ್ದ ಕುಂಟು ಎಮ್ಮೆಗೂ ಒಬ್ಬ ಯಜಮಾನ ಸಿಕ್ದ. ನಾನು ಕಂಬಕ್ಕೆ ಒರಗಿ ಎಲ್ಲಾ ಕೇಳ್ಸ್ಕೊಂಡು, "ತಾತ, ಪುಟ್ಟಮ್ಮತ್ತೆ ಯಾರ ಪಾಲ್ಗೆ?" ಅಂದೆ. ಜಮಖಾನ ಪೂರ್ತಿ ನಕ್ತು. ಪಟೇಲ್ರ ಬಾಯಿಂದ ಎಲೆಅಡಿಕೆ ರಸ ಅಂಗಿ ಮೇಲೆ ಇಳೀತು. ಚಿಕ್ಕಪ್ಪ, "ಅವ್ಳೇನು ಅಸುವಾ ಕರುವಾ, ಪಾಲ್ ಮಾಡಕ್ಕೆ? ಇಬ್ರ ಮನೇಲೂ ಉಣ್ಕೊಂಡು ಇರ್ತಾಳೆ" ಅಂದ. ತಾತ ಒಬ್ರು ನಗ್ಲಿಲ್ಲ. ಅತ್ತೆ ಆಗ ಪಟೇಲ್ರಿಗೆ ನೀರು ಕೊಡ್ತಿದ್ರು. ಲೋಟ ಇಟ್ಟು ಒಳಗೆ ಹೋದ್ರು. ಹಿತ್ತಲಲ್ಲಿ ಆ ಕುಂಟು ಎಮ್ಮೆ ಕತ್ತು ನೀವ್ತಾ, "ನಿಂಗಾದ್ರೂ ಒಂದು ಪಾಲೈತೆ ಓಗವ್ವ" ಅಂದಿದ್ದು ನನ್ನ ಕಿವಿಗೆ ಬಿತ್ತು. ನಂಗೆ ಸಿಟ್ಟು ಬಂತು. ನಂಗೆ ಸಿಟ್ಟು ಬಂದ್ರೆ ಏನಾಗ್ತದೆ ಅಂತ ಚಿಕ್ಕಪ್ಪನ ನಾಲ್ಗೆನ ಕೇಳಿ.

ನಮ್ಮ ಮನೆತನದಲ್ಲಿ ಹೊಲ ಪಾಲು ಹಾಕೋಕೆ ಒಂದು ಪದ್ಧತಿ. ಒಂದೊಂದು ಪಾಲಿಗೂ ಒಂದೊಂದು ಗುರುತು. ಹುಣಸೆಮರದ ಹೊಲದ ಪಾಲಿಗೆ ಹುಣಸೆ ಬೀಜ, ಕೆರೆ ಹಿಂದಿನ ಗದ್ದೆ ಪಾಲಿಗೆ ಕಪ್ಪೆಚಿಪ್ಪು. ಅವನ್ನ ಹಿತ್ತಾಳೆ ಚೊಂಬಿಗೆ ಹಾಕಿ, ಬಾಯಿಗೆ ಬಟ್ಟೆ ಮುಚ್ಚಿ, ಮನೆದೇವ್ರ ದೀಪದ ಮುಂದೆ ಇಟ್ಟು, ಮನೆ ಹೆಣ್ಣುಕೂಸಿನ ಕೈಲಿ ಎತ್ತಿಸೋರು. ಮೊದ್ಲು ಎದ್ದಿದ್ದು ದೊಡ್ಡೋನಿಗೆ. ಚೊಂಬಿಂದ ಒಂದ್ಸಾರಿ ಎದ್ದಿದ್ದು ವಾಪಸ್ ಹೋಗಂಗಿಲ್ಲ, ಅದು ದೇವ್ರ ಮಾತು. ಆ ವರ್ಷ ಮನೇಲಿ ಕೈ ಕಾಲು ಆಡೋ ಹೆಣ್ಣುಕೂಸು ಅಂದ್ರೆ ನಾನೊಬ್ಳೇ. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗಾಯ್ತು. ಅತ್ತೆ ನನಗೆ ತಲೆ ಬಾಚಿ ಹೂವು ಮುಡಿಸ್ತಿದ್ರೆ, ನಾನು ಅವ್ರ ಸೆರಗಿನ ಗಂಟು ಬಿಚ್ತಿದ್ದೆ. ಬೆರಳ ಸಂದೀಲಿ ಬಜೆ ಇಟ್ಕೊಂಡು, ಪಾಪದ ಮಗಳಂಗೆ ಮುಖ ಮಾಡ್ಕೊಂಡು ಚೊಂಬಿಗೆ ಕೈ ಹಾಕ್ದೆ. ಬೀಜ ತಾಕ್ತು, ಚಿಪ್ಪು ತಾಕ್ತು. ಅವೆರಡನ್ನೂ ಅಲ್ಲೇ ಬಿಟ್ಟು ಬಜೇನ ಮೇಲಕ್ಕೆ ಎತ್ತಿ ತಾತನ ಅಂಗೈ ಮೇಲೆ ಇಟ್ಟೆ.

"ಇದೇನ್ ಗೌಡ್ರೇ ಇದು?" ಅಂದ್ರು ಪಟೇಲ್ರು. "ಈ ಮುಂಡೇದ್ರದ್ದೇ ಕೆಲ್ಸ, ಕೊಡಿಲ್ಲಿ ಕೋಲು" ಅಂತ ಚಿಕ್ಕಪ್ಪ ಎದ್ದ. ತಾತ ಆ ತುಂಡನ್ನ ಮೂಗಿನ ಹತ್ರ ಹಿಡಿದ್ರು. ಬಹಳ ಹೊತ್ತು ಹಿಡಿದ್ರು. ಆಮೇಲೆ ನನ್ನ ಕಡೆ ನೋಡಿದ್ರು. ಎಲ್ಲಾ ಗೊತ್ತಾಗಿತ್ತು ಅವ್ರಿಗೆ, ನಿಮ್ಮಾಣೆಗೂ ಗೊತ್ತಾಗಿತ್ತು. "ಕೂತ್ಕಳ್ಲಾ" ಅಂದ್ರು ಚಿಕ್ಕಪ್ಪನಿಗೆ. "ಚೊಂಬಿಂದ ಎದ್ದಿದ್ದು ವಾಪಸ್ ಓಗಂಗಿಲ್ಲ. ಬಾವಿ ಮಗ್ಗುಲು ಇಪ್ಪತ್ತು ಗುಂಟೆ ಪುಟ್ಟಮ್ಮಂದು." ಶಾನುಭೋಗ್ರು ಲೆಕ್ಕಣಿಕೆ ಎತ್ತಿ, "ಬರೀಲಾ ಗೌಡ್ರೇ? ಹೆಣ್ಣುಮಗಳ ಹೆಸ್ರು, ನೀವು ಹೇಳಿದ್ರೆ ಬರೀತೀನಿ" ಅಂದ್ರು. ಅಲ್ಲೇ ನಮ್ಮ ತಾತ ಎಡವಿದ್ದು. "ಇಷ್ಟು ಜನ ನೋಡೌರೆ, ದೀಪ ನೋಡೈತೆ. ನನ್ ಮಗಳಿಗೆ ಕೊಡಾಕೂ ಕಾಗ್ದ ಬೇಕಾ ಶಾನುಬೋಗ್ರೇ?" ಅಂದ್ಬಿಟ್ರು. ಮತ್ತೆ ಕೈ ಹಾಕಿದಾಗ ಹುಣಸೆ ಬೀಜ ಎದ್ದು ನಮ್ಮಪ್ಪನಿಗೆ ಬಂತು, ಗದ್ದೆ ಚಿಕ್ಕಪ್ಪನಿಗೆ. ಗಂಡುಮಕ್ಕಳ ಪಾಲಿಗೆ ಮಾತ್ರ ಕಾಗ್ದ ಆಯ್ತು, ಹೆಬ್ಬೆಟ್ಟು ಒತ್ತಾಯ್ತು. ಮೂರನೇ ಪಾಲು ದೀಪದ ಮುಂದೆ ಬಾಯಿಮಾತಲ್ಲೇ ಉಳೀತು, ಖಾತೆ ತಾತನ ಹೆಸ್ರಲ್ಲೇ ಉಳೀತು. ಆವತ್ತು ಅಷ್ಟು ಹೆಬ್ಬೆಟ್ಟು ಮಸಿ ಕುಡಿದ್ವು, ಪುಟ್ಟಮ್ಮತ್ತೆ ಹೆಬ್ಬೆಟ್ಟನ್ನ ಮಾತ್ರ ಯಾವ ಕಾಗ್ದಾನೂ ಕೇಳ್ಲಿಲ್ಲ.

ಆಮೇಲಿನ ಆರೇಳು ವರ್ಷ ನನ್ನ ಬಾಳಲ್ಲೇ ಚಿನ್ನದಂಥವು. ಬಾವಿ ಮಗ್ಗುಲಲ್ಲಿ ಅತ್ತೆ ರಸಬಾಳೆ ಹಾಕಿದ್ರು. ಏತದ ನೀರು ಕಾಲುವೇಲಿ ಹರಿದು ಬರ್ತಿದ್ರೆ, ಅದ್ರ ಮುಂದೆ ಮುಂದೆ ಬರಿಗಾಲಲ್ಲಿ ಓಡೋರು, ಗುದ್ಲಿ ಹಿಡ್ಕೊಂಡು, ಸಣ್ಣ ಹುಡುಗಿಯಂಗೆ. ಗೊನೆ ಹಣ್ಣಾದ್ರೆ ಮನೆ ಒಳಗೆಲ್ಲ ಜೇನಿನಂಥ ವಾಸ್ನೆ. ಮೊದಲ ಚಿಪ್ಪು ನಂಗೆ. "ಕಳ್ಳಿ ಪಾಲು ತಕ್ಕೊ" ಅನ್ನೋರು. ಬೀದೀಲಿ ಯಾರಾದ್ರೂ, ಎಲ್ಲಿಗ್ ಓಯ್ತಿದ್ದೀಯೆ ಪುಟ್ಟಮ್ಮ ಅಂದ್ರೆ, "ನನ್ನೊಲಕ್ಕೆ" ಅನ್ನೋರು. ಆ 'ನನ್ನೊಲ' ಅನ್ನೋ ಮಾತನ್ನ ಬಾಯಲ್ಲಿ ಬೆಲ್ಲ ಇಟ್ಕೊಂಡಂಗೆ ಆಡೋರು.

ತಾತ ತೀರ್ಕೊಂಡ ಮೇಲೆ ಅವ್ರ ಹೆಸ್ರಲ್ಲಿದ್ದುದನ್ನ ಮಕ್ಕಳ ಹೆಸ್ರಿಗೆ ಪೌತಿ ಖಾತೆ ಮಾಡ್ಸಕ್ಕೆ ವಂಶವೃಕ್ಷ ಬರೆಸ್ಬೇಕಾಯ್ತು. ಸತ್ತೋನಿಗೆ ಮಕ್ಕಳೆಷ್ಟು ಅಂದ್ರೆ, ನಮ್ಮಪ್ಪ, ನನ್ನ ಹೆತ್ತ ಅಪ್ಪ, "ಇಬ್ರು ಗಂಡುಮಕ್ಕಳು ಸಾ" ಅಂದ. ಚಿಕ್ಕಪ್ಪ ಮನೆ ಹಿಂದಿನ ಹಿತ್ಲು ತಕ್ಕೊಂಡು ಸುಮ್ನಾದ, ಬಾವಿ ಮಗ್ಗುಲು ನಮ್ಮಪ್ಪನ ಖಾತೆಗೆ ಬಂತು. ಆ ಮರದಲ್ಲಿ ಪುಟ್ಟಮ್ಮತ್ತೆ ಅನ್ನೋ ಕೊಂಬೇನೇ ಇಲ್ಲ. ಆಗ ನಂಗೆ ಹದಿನಾರು, ಮದ್ವೆ ಗೊತ್ತಾಗಿತ್ತು, ನರಸೀಪುರದಿಂದ ಬಂದ ಸೀರೆ ಮೇಲೆ ಕಣ್ಣಿತ್ತು. ಊರೆಲ್ಲ ಏಮಾರಿಸ್ದೋಳು ಆವತ್ತು ಬಾಯಿ ಬಿಡ್ಲಿಲ್ಲ. ಬೇರೆ ಎಲ್ಲಾ ಜಂಬ ಕೊಚ್ಕೊಂಡಿದ್ದೀನಲ್ಲ, ಇದೂ ಒಂದು ಇರ್ಲಿ ಲೆಕ್ಕಕ್ಕೆ. ನಾಲೆ ನೀರು ಬಂದ ವರ್ಷ ನಮ್ಮಪ್ಪ ಬಾಳೆ ಬುಡ ಅಗೆಸಿ ನೆಲ ಮಟ್ಟ ಮಾಡಿ ಭತ್ತ ನಾಟಿ ಮಾಡ್ಸಿದ. ಬಾವಿಗೆ ಮಣ್ಣು ತುಂಬಿಸಿದ. ಅತ್ತೆ ಜಗಳ ಆಡ್ಲಿಲ್ಲ, ಅತ್ತಿದ್ದನ್ನ ಯಾರೂ ನೋಡ್ಲಿಲ್ಲ. ನನ್ನ ಕೊನೇ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ನನ್ನ ಕೂಸಿಗೆ ಬಜೆ ತೇದು, ಆಮೇಲೆ ಟ್ರಂಕಿನಿಂದ ಇನ್ನೊಂದು ತುಂಡು ತೆಗೆದು ನನ್ನ ಅಂಗೈಲಿಟ್ರು. ನೋಡಿದ್ ತಕ್ಷಣ ಗೊತ್ತಾಯ್ತು, ಚೊಂಬಿಂದ ಎತ್ತಿದ್ದೇ ಅದು. "ಇದು ತೇಯಾಕಲ್ಲ ನಿಂಗಿ. ಎಲ್ರಿಗೂ ಕಾಗ್ದ ಐತೆ. ನನ್ ಪತ್ರ ಇದು. ನೀನ್ ಬರ್ಸಿದ್ದಲ್ವಾ, ನೀನೇ ಮಡಿಕ್ಕೊ" ಅಂದ್ರು. ಮುಂದಿನ ಬೇಸಿಗೇಲಿ ಹೋಗ್ಬಿಟ್ರು. ಟ್ರಂಕು ಯಾರಿಗೂ ಬೇಡವಾಗಿತ್ತು, ನಾನು ಎತ್ಕೊಂಡು ಬಂದೆ.

ಈಗ ಹೇಳಿ, ಮಹೇಶನ ಸಣ್ಣ ಸೈನು ಅಂದ್ರೆ ನನ್ನ ಕಿವಿ ನಿಮಿರದೇ ಇರ್ತವಾ? ಕೆಟ್ಟೋನಲ್ಲ ಅವನು. ಹಸು ಸಾಕ್ತಾನೆ, ಡೇರಿಗೆ ಹಾಲು ಹಾಕ್ತಾನೆ. ನಮ್ಮಪ್ಪನೂ ಹೋದ, ನನ್ನ ತಮ್ಮನೂ ಹೋದ, ಇಬ್ರೂ ಏನೂ ಬರ್ದಿಟ್ಟಿರಲಿಲ್ಲ, ಖಾತೆ ಇನ್ನೂ ನಮ್ಮಪ್ಪನ ಹೆಸ್ರಲ್ಲೇ ಇತ್ತು. ಬಾವಿ ಮಗ್ಗುಲಲ್ಲಿ ದೊಡ್ಡ ಕೊಟ್ಟಿಗೆ ಕಟ್ಟಕ್ಕೆ ಬ್ಯಾಂಕ್ ಸಾಲ ಬೇಕು, ಅದಕ್ಕೆ ಸೋದರತ್ತೆ ಹಕ್ಕು ಬಿಡುಗಡೆ ಪತ್ರ ಬೇಕು. ನಮ್ಮ ಕಡೆ ಇದಕ್ಕೂ ಒಂದು ಮರ್ಯಾದೆ ಐತೆ ನೋಡಿ. ಹೆಣ್ಮಗಳನ್ನ ಕರ್ದು, ಒಬ್ಬಟ್ಟು ಉಣಿಸಿ, ಸೀರೆ ಕೊಟ್ಟು, ಮಡ್ಲಕ್ಕಿ ತುಂಬಿ, ಅರಿಶಿನ ಕುಂಕುಮ ಹಚ್ಚಿ, ಸೈನ್ ಹಾಕಿಸ್ಕೊಂಡು ಕಳಿಸ್ತಾರೆ. ಮಡಿಲು ತುಂಬಿಸ್ತಾ ಕೈ ಖಾಲಿ ಮಾಡ್ಸೋದು. ನಾನು ಶುಕ್ರವಾರವೇ ಯಾರಿಗೂ ಹೇಳ್ದೆ ಬಸ್ ಹತ್ತಿ ನಂಜನಗೂಡಿಗೆ ಹೋಗಿ ಒಬ್ಳು ಲಾಯರಮ್ಮನ ಮುಂದೆ ಕೂತೆ. ಮೊಮ್ಮಗಳ ವಯಸ್ಸಿನ ಹುಡುಗಿ.

"ಮದ್ವೆಯಾಗಿ ಮೊಮ್ಮಕ್ಕಳನ್ನ ಕಂಡ್ಮೇಲೂ ತವರಲ್ಲಿ ಪಾಲೈತೇನವ್ವ?"

"ಇದೆ ಅಜ್ಜಿ. ನಿಮ್ಮಪ್ಪ ಉಯಿಲು ಬರೀದೇ ಹೋಗಿದ್ರೆ, ನಿಮ್ಮ ತಮ್ಮನಿಗೆಷ್ಟೋ ನಿಮಗೂ ಅಷ್ಟೇ."

"ಆ ಸಣ್ಣ ಸೈನು ಹಾಕ್ಬಿಟ್ರೆ?"

"ರಿಜಿಸ್ಟರ್ ಆದ್ಮೇಲೆ ಮುಗೀತು. ಆಮೇಲೆ ವಾಪಸ್ ಕೇಳೋದು ಬಹಳ ಕಷ್ಟ."

"ನನ್ನ ಪಾಲು ಬಂದ್ಮೇಲೆ ನಾನು ಬೇಕಾದೋರಿಗೆ ಉಯಿಲು ಬರೀಬೋದಾ?"

"ಬರೀಬೋದು. ಇಬ್ರು ಸಾಕ್ಷಿ ಇರ್ಬೇಕು, ಯಾರಿಗೆ ಬರೀತೀರೋ ಅವ್ರು ಸಾಕ್ಷಿ ಆಗ್ಬಾರ್ದು. ರಿಜಿಸ್ಟರ್ ಮಾಡಿಸ್ಲೇಬೇಕು ಅಂತಿಲ್ಲ, ಮಾಡಿಸಿದ್ರೆ ಒಳ್ಳೇದು. ಬದುಕಿರೋವರೆಗೂ ಯಾವಾಗ ಬೇಕಾದ್ರೂ ಬದಲಾಯಿಸ್ಬೋದು."

"ಹಂಗಾದ್ರೆ ಸಾಯೋ ತಂಕ ಎಲ್ರನ್ನೂ ಆಟ ಆಡಿಸ್ಬೋದು ಅನ್ನು" ಅಂದೆ. ಹುಡುಗಿ ನಕ್ಳು. ಆಮೇಲೆ ನಮ್ಮತ್ತೆ ಕಥೆ ಹೇಳ್ದೆ. ನಗು ಹೋಯ್ತು. "ನಿಮ್ಮ ತಾತ ಹೋದಾಗ್ಲೇ ಮಗಳಿಗೂ ಪಾಲು ಅಂತ ಕಾನೂನು ಬಂದಿತ್ತು ಅಜ್ಜಿ. ಅವ್ರು ಕೇಳಿದ್ರೆ ಸಿಗ್ತಿತ್ತು." ಕೇಳಿದ್ರೆ ಅಂತೆ. ಕಾನೂನು ಡೆಲ್ಲೀಲಿ ಹುಟ್ಟಿ, ಹದಿನಾರಿನ ತಿರುವು ದಾಟಿ ನಮ್ಮೂರ ಬೀಸೋ ಕಲ್ಲಿನ ತಂಕ ನಡ್ಕೊಂಡು ಬರೋದ್ರೊಳಗೆ ಅತ್ತೆ ಮಣ್ಣಾಗಿದ್ರು.

ಭಾನುವಾರ ಮಹೇಶ ಕಾರು ತಂದ. ಹೋದೆ. ತೊಟ್ಟಿಮನೆ ಎಲ್ಲೈತೆ, ಈಗ ಅಲ್ಲಿ ತಾರಸಿ ಮನೆ. ಆರು ಒಬ್ಬಟ್ಟು ತಿಂದೆ, ತುಪ್ಪ ಕೇಳಿ ಹಾಕಿಸ್ಕೊಂಡೆ. ಹಸಿರು ಸೀರೆ ಕೊಟ್ರು, ಅಂಚು ಇನ್ನೊಂದ್ ಚೂರು ಅಗಲ ಇರ್ಬೇಕಿತ್ತು ಅಂದೆ. ಮಹೇಶನ ಮಗಳು ಸಿಂಚನ, ಮೈಸೂರಲ್ಲಿ ಕಾಲೇಜು ಓದೋಳು, ನನ್ನ ಪಕ್ಕ ಕೂತು ಮೆತ್ತಗೆ, "ಅಜ್ಜಿ, ನೀವ್ಯಾಕೆ ಬಿಟ್ಕೊಡ್ಬೇಕು?" ಅಂದ್ಳು. "ಸುಮ್ನಿರೇ, ಬಾಯಲ್ಲಿ ಒಬ್ಬಟ್ಟೈತೆ" ಅಂದೆ. ಅವತ್ತೇ ಮನಸ್ನಲ್ಲಿ ಗುರುತು ಹಾಕ್ಕೊಂಡೆ. ಸೋಮವಾರ ಬೆಳಿಗ್ಗೆ ಅದೇ ಹಸಿರು ಸೀರೆ ಉಟ್ಕೊಂಡು, ಮದ್ವೆಹೆಣ್ಣಿನಂಗೆ ನಂಜನಗೂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ನಮ್ಮ ಸರದಿ ಬಂತು. ಸಾಹೇಬ್ರು ಕನ್ನಡಕದ ಮೇಲಿಂದ ನೋಡಿ, "ಅಮ್ಮಾ, ಇದು ನೀವೇ ಒಪ್ಪಿ ಬರ್ಸಿರೋ ಪತ್ರನಾ? ಓದಿ ಹೇಳಿದಾರಾ?" ಅಂದ್ರು. ಆ ಪ್ರಶ್ನೆ ಕೇಳ್ತಾರೆ ಅಂತ ಲಾಯರಮ್ಮ ಮೊದ್ಲೇ ಹೇಳಿದ್ಳು. ಮೂರು ದಿವ್ಸದಿಂದ ಆ ಒಂದು ಪ್ರಶ್ನೆಗೇ ನಾನು ಹಸ್ಕೊಂಡಿದ್ದು.

"ನಾನು ಒಪ್ಪಿದ್ದು ಒಬ್ಬಟ್ಟಿಗೆ ಸಾ. ಇದಕ್ಕಲ್ಲ" ಅಂದೆ.

ಹಿಂದೆ ಸಾಲಲ್ಲಿ ನಿಂತಿದ್ದ ಹೆಂಗಸ್ರು ಮೊದ್ಲು ನಕ್ಕಿದ್ದು. ಮಹೇಶ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ್ಕೊಂಡು, "ಮರ್ಯಾದೆ ತೆಗೆದ್ರಲ್ಲ ಅತ್ತೆ. ಎಲ್ಲಾ ಅತ್ತೇರೂ ಸೈನ್ ಹಾಕ್ತಾರೆ" ಅಂದ. "ಹಾಕ್ತಾರೆ ಕಣೋ, ಅದಕ್ಕೇ ನಾನು ಹಾಕಲ್ಲ. ಒಬ್ಬಟ್ಟು ವಾಪಸ್ ಕೊಡಕ್ಕಾಗಲ್ಲ, ಸೀರೆ ಬೇಕಾದ್ರೆ ಒಗ್ದು ಕಳಿಸ್ತೀನಿ. ಅರ್ಧ ಕೇಳ್ಬೋದಂತೆ ನಾನು. ಕೇಳ್ತಿಲ್ಲ. ಬಾವಿ ಮಗ್ಗುಲು ಇಪ್ಪತ್ತು ಗುಂಟೆ ಕೊಡು, ಮಿಕ್ಕಿದ್ದು ನಿಂದು."

"ಅಲ್ಲೇ ಕೊಟ್ಟಿಗೆ ಹಾಕ್ಬೇಕು ಅಂತಿದೀನಿ ಅತ್ತೆ."

"ಬೇರೆ ಕಡೆ ಹಾಕು. ಅದು ನಿಮ್ಮಪ್ಪಂದೂ ಅಲ್ಲ, ನಮ್ಮಪ್ಪಂದೂ ಅಲ್ಲ, ಪುಟ್ಟಮ್ಮಂದು" ಅಂದೆ.

"ಯಾವ ಪುಟ್ಟಮ್ಮ?" ಅಂದ ಅವನು. ಹುಡುಗಾಟಕ್ಕಲ್ಲ, ನಿಜವಾಗ್ಲೂ ಕೇಳ್ದ. ಅವನ ಅಪ್ಪನ ನಾಲ್ಗೆಗೆ ಬಜೆ ತೇದ ಹೆಂಗಸಿನ ಹೆಸ್ರು ಅವನಿಗೆ ಗೊತ್ತೇ ಇರಲಿಲ್ಲ. ಅಲ್ಲಿ ತನಕ ಮಾಡ್ತಿದ್ದ ತಮಾಷೆ ಬಿಟ್ಟೆ. ಅದೇ ಮರದ ಕೆಳಗೆ ಕೂತು ಪೂರ್ತಿ ಹೇಳ್ದೆ, ಚೊಂಬು, ಬಜೆ, ರಸಬಾಳೆ ಎಲ್ಲಾ. ನನ್ನನ್ನ ಬಸ್ ಹತ್ತಿಸಿ ಹೋದೋನು ಮೂರು ತಿಂಗ್ಳು ಫೋನ್ ಮಾಡ್ಲಿಲ್ಲ. ಆಮೇಲೆ ಒಂದಿನ ಬಾಗಿಲಲ್ಲಿ ನಿಂತು, "ಕೊಟ್ಟಿಗೆ ಹುಣಸೆಮರದ ಹೊಲದಲ್ಲಿ ಹಾಕ್ತೀನಿ ಅತ್ತೆ. ಬನ್ನಿ, ವಿಭಾಗ ಪತ್ರ ಮಾಡ್ಸಣ" ಅಂದ. ಕಾಫಿ ಕೊಟ್ಟೆ. ಸಕ್ಕರೆ ಬದ್ಲು ಉಪ್ಪು ಹಾಕಿದ್ದೆ. ಅಷ್ಟಾದ್ರೂ ಬೇಡ್ವಾ?

ತಾಲ್ಲೂಕಾಫೀಸಲ್ಲಿ ಹಳೇ ವಂಶವೃಕ್ಷಕ್ಕೆ ಅತ್ತೆ ಹೆಸ್ರು ಸೇರಿಸ್ರಪ್ಪ ಅಂತ ಕೇಳ್ದೆ. ಅಷ್ಟು ಹಳೇದನ್ನ ಈಗ ಮುಟ್ಟಕ್ಕಾಗಲ್ಲ ಅಂದ್ರು. ಮರಕ್ಕೆ ಸೇರಿಸ್ದೇ ಇದ್ರೆ ಹೋಗ್ಲಿ, ನೆಲಕ್ಕೆ ಸೇರಿಸ್ತೀನಿ ಅಂದ್ಕೊಂಡೆ. ಪತ್ರದಲ್ಲಿ ಜಮೀನಿಗೆ ಚಕ್ಕುಬಂದಿ ಬರೀತಾರಲ್ಲ, ನಾಲ್ಕು ದಿಕ್ಕಲ್ಲಿ ಏನೇನೈತೆ ಅಂತ. ಪತ್ರ ಬರಿಯೋನು ಪಶ್ಚಿಮಕ್ಕೆ ನಾಲೆ ಅಂದ, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ಮಹೇಶನ ಬಾಬ್ತು ಜಮೀನು. "ಪೂರ್ವಕ್ಕೆ ಏನಜ್ಜಿ?" "ಪುಟ್ಟಮ್ಮನ ಬಾವಿ." "ಬಾವಿ ಮುಚ್ಚೋಗೈತಂತಲ್ಲ?" "ಕಟ್ಟೆ ಕಲ್ಲು ಇನ್ನೂ ಐತೆ. ಹೋಗಿ ಎಡವಿ ನೋಡು. ಬರಿ." ಬರ್ದ. ಅದೇ ನಾಲ್ಕು ಸಾಲನ್ನ ನನ್ನ ಉಯಿಲಲ್ಲೂ ಬರೆಸ್ದೆ. ಆ ಇಪ್ಪತ್ತು ಗುಂಟೆ ನನ್ನ ಕಾಲಾನಂತರ ಸಿಂಚನಂಗೆ. ನನ್ನ ಮಕ್ಕಳಿಗೆ ಅವ್ರಪ್ಪನ ಮನೆ ಐತೆ, ಅವ್ರು ತುಟಿ ಎರಡು ಮಾಡಂಗಿಲ್ಲ. ಮಹೇಶನೂ ಬಯ್ಯಂಗಿಲ್ಲ, ಹೋಗಿದ್ದು ಅವನ ಮಗಳಿಗೇ. ನಾಳೆ ಅವಳ ಮುಂದೆ ಯಾರಾದ್ರೂ ಒಬ್ಬಟ್ಟು ಇಟ್ರೆ ತಿನ್ನು, ಸೈನು ಮಾತ್ರ ಹಾಕ್ಬೇಡ ಅಂತ ಹೇಳಿದ್ದೀನಿ. ರಿಜಿಸ್ಟರ್ ದಿವ್ಸ ಆ ಯಂತ್ರ ನನ್ನ ಹೆಬ್ಬೆಟ್ಟು ತಕ್ಕೊಳ್ಳಲ್ಲ ಅಂತು. ಗೆರೆ ಸವೆದೈತಂತೆ. ಮೂರು ಸಾರಿ ಒರೆಸಿ ಒತ್ತಿದೆ, ಆಮೇಲೆ ಹಿಡೀತು. ನಾನೂ ಎಷ್ಟು ಕೂಸಿಗೆ ಬಜೆ ತೇದಿದ್ದೀನಿ ಅಂತ ಆಗ ನೆನಪಾಯ್ತು.

ವಾಪಸ್ ಬರ್ತಾ ಸಿಂಚನನ್ನ ಕರ್ಕೊಂಡು ಹೊಲಕ್ಕೆ ಹೋದೆ. ಕಟ್ಟೆ ಕಲ್ಲು ಆರೇಳು ಉಳಿದವೆ, ಸುತ್ತ ಗರಿಕೆ. ಇಲ್ಲೇನಿತ್ತಜ್ಜಿ ಅಂದ್ಳು. "ನಮ್ಮತ್ತೆ ಹೊಲ" ಅಂದೆ, ಬೆಲ್ಲ ಇಟ್ಕೊಂಡಂಗೆ. ಗಾಳೀಲಿ ರಸಬಾಳೆ ವಾಸ್ನೆ ಏನೂ ಇರಲಿಲ್ಲ, ಬರೀ ನಾಲೆ ನೀರಿನ ಕೆಸರು ವಾಸ್ನೆ. ಮನೆಗೆ ಬಂದು ಉಯಿಲನ್ನ ಅದೇ ಬಿಳೀ ಬಟ್ಟೇಲಿ ಸುತ್ತಿ, ಒಳಗೆ ಬಜೆ ತುಂಡಿಟ್ಟು, ಟ್ರಂಕಿಗೆ ಹಾಕಿ ಮುಚ್ಚಿದೆ. ನಾನು ಹೋದ್ಮೇಲೆ ಆ ಹುಡುಗಿ ಬಂದು ಮುಚ್ಚಳ ಎತ್ತುತ್ತೆ. ಕಾಗ್ದ ಕೈಗೆ ಸಿಗೋಕ್ ಮುಂಚೆ ಪುಟ್ಟಮ್ಮತ್ತೆ ಎದ್ದು ಬರ್ತಾರೆ.